ಹಟ್ಟಿಯ ಹೊರಗಿನ ಮನೆ

ನಮ್ಮ ಅತ್ತೆ ಹಟ್ಟಿಯಲ್ಲಿ ಓಡಾಡುವಾಗ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ನಡೆಯುತ್ತಿದ್ದರು. ಚಳಿಯಿರಲಿ, ಉರಿಬಿಸಿಲಿರಲಿ, ಮೊಣಕೈಗಳು ಆಚೆ ಈಚೆ ಚಾಚಿಕೊಂಡು, ಸ್ವಲ್ಪ ಮುಂದಕ್ಕೆ ಬಾಗಿದ ಆ ಉದ್ದನೆಯ ಮೈ ದೂರದಿಂದಲೇ ಗುರುತು ಸಿಗುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅವರಿಗೆ ಕೈನೋವು ಇರಬೇಕು ಅಂದುಕೊಂಡಿದ್ದೆ. ನೋವಲ್ಲ, ಅದು ಭಯ ಅಂತ ಆಮೇಲೆ ತಿಳಿಯಿತು. ಅಪ್ಪಿತಪ್ಪಿ ಯಾರನ್ನೋ ಮುಟ್ಟಿ, ಅವರು 'ಹೊರಗಾದವರು' ಆಗಿದ್ದು, ಆ ಮೈಲಿಗೆಯನ್ನು ತಾನು ದೇವರ ಗುಡಿಯ ತನಕ ಹೊತ್ತುಕೊಂಡು ಹೋಗಿಬಿಟ್ಟರೆ ಎನ್ನುವ ಭಯ.

ಧರ್ಮಪುರದ ಕಡೆಯ ನಮ್ಮ ಹಟ್ಟಿ ಸುತ್ತಲೂ ಜಾಲಿ ಮುಳ್ಳಿನ ಬೇಲಿ ಹಾಕಿಕೊಂಡ ಸಣ್ಣ ಊರು. ದೇವರು ಬೇಲಿಯ ಒಳಗಿದ್ದಾನೆ, ಆದ್ದರಿಂದ ಮುಟ್ಟಾದವರು, ಹೆತ್ತವರು ಒಳಗಿರುವ ಹಾಗಿಲ್ಲ. ಬಾಣಂತಿ ಕೂಸು ಕಟ್ಟಿಕೊಂಡು ಬೇಲಿಯಾಚೆ ಗುಡಿಸಲಲ್ಲಿರಬೇಕು. ಅವಳನ್ನು ಮುಟ್ಟಿದವರಿಗೂ ಸೂತಕವೇ. ನಾನು ತಾಳ್ಯದ ಕಡೆಯವಳು, ಅಲ್ಲಿ ನಮ್ಮ ತವರಿನ ಹಟ್ಟಿಯಲ್ಲೂ ಇದೇ ಕಟ್ಟಳೆ. ಚಿತ್ರದುರ್ಗದಲ್ಲಿ ಬಿ.ಎಡ್. ಓದುವಾಗ ಇದೆಲ್ಲ ಹೆಣ್ಣಿನ ಹಕ್ಕಿಗೆ ವಿರುದ್ಧ ಎಂದು ಭಾಷಣ ಮಾಡಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ. ಹೊಟ್ಟೆಯಲ್ಲಿ ಕೂಸು ಆಡತೊಡಗಿದ ಮೇಲೆ ಆ ಭಾಷಣದ ಒಂದು ಮಾತೂ ಬಾಯಿಗೆ ಬರಲಿಲ್ಲ.

ನನ್ನ ಗಂಡ ಮಾರಿಕಣಿವೆಯಲ್ಲಿ ಕಾಲುವೆ ಕೆಲಸದಲ್ಲಿದ್ದರು. ಅಲ್ಲಿಯೇ ಒಂದು ಮನೆ ಹಿಡಿಯುತ್ತೇನೆ ಎಂದರು. ಅತ್ತೆ ಊಟ ಬಿಟ್ಟು ಕುಳಿತರು. ಕಟ್ಟಳೆ ಮುರಿದರೆ ಕೂಸು ಎಲ್ಲಿದ್ದರೂ ದೇವರ ಕಣ್ಣು ಅಲ್ಲಿಗೆ ಬರುತ್ತದೆ, ನನ್ನ ವಂಶಕ್ಕೆ ಅದೊಂದೇ ಕುಡಿ ಎಂದು ಅತ್ತರು. ಅದು ಹಟ ಅಂತ ಅನಿಸಿದ್ದರೆ ನಾನೂ ಜಗಳಕ್ಕೆ ಇಳಿಯುತ್ತಿದ್ದೆ. ಅವರು ನಿಜಕ್ಕೂ ನಡುಗುತ್ತಿದ್ದರು. ಗಂಡ ಮನೆ ಹಿಡಿಯುವ ಮಾತು ಬಿಟ್ಟರು, ನಾನೂ ಒತ್ತಾಯ ಮಾಡಲಿಲ್ಲ.

ಹಿರಿಯೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಕೂಸು ತೂಕವಿಲ್ಲ, ಗಾಳಿಗೆ ಒಡ್ಡಬೇಡಿ, ಬೆಚ್ಚಗಿಡಿ ಎಂದು ನರ್ಸ್ ಮತ್ತೆ ಮತ್ತೆ ಹೇಳಿ ಕಳಿಸಿದರು. ಬಂದು ಇಳಿದದ್ದು ಆಷಾಢದ ಗಾಳಿಗೆ. ಗುಡ್ಡದ ಮೇಲೆ ಗಾಳಿಯಂತ್ರಗಳು ಗಿರಗಿರ ತಿರುಗುತ್ತಿದ್ದವು, ಕೆಳಗೆ ಸೋಗೆ ಹೊದಿಸಿದ ನನ್ನ ಗುಡಿಸಲು ಪಟಪಟ ಬಡಿದುಕೊಳ್ಳುತ್ತಿತ್ತು. ನೆಲ ಸಾರಿಸಿ, ಸಂದುಗಳಿಗೆಲ್ಲ ಗೋಣಿಚೀಲ ತುರುಕಿ ಅತ್ತೆಯೇ ಅದನ್ನು ಅಣಿ ಮಾಡಿದ್ದರು. ನಾನು ಒಳಗೆ ಕಾಲಿಟ್ಟ ಮೇಲೆ ಮಾತ್ರ ಅವರು ಹತ್ತಿರ ಬರಲಿಲ್ಲ. ಮುದ್ದೆ, ಸಾರು ತಂದು ದೂರದಲ್ಲಿಟ್ಟು, ಹಿಂದೆ ಸರಿದು, ಒಂದು ಬಂಡೆಯ ಮೇಲೆ ಕೂರುತ್ತಿದ್ದರು. ಕೈ ಕಂಕುಳಲ್ಲಿ. ಮೊಮ್ಮಗಳ ಮುಖವನ್ನು ಅವರಿನ್ನೂ ಸರಿಯಾಗಿ ನೋಡಿರಲಿಲ್ಲ.

"ಒಂದ್ಸಾರಿ ಅಳಸೇ ತಾಯಿ," ಅನ್ನುತ್ತಿದ್ದರು.

ಮುಟ್ಟುವ ಹಾಗಿಲ್ಲವಲ್ಲ, ಕೂಸು ಚೆನ್ನಾಗಿದೆ ಎಂದು ತಿಳಿಯಲು ಅವರಿಗಿದ್ದದ್ದು ಕಿವಿಯೊಂದೇ. ನಾನು ಕೂಸಿನ ಅಂಗಾಲನ್ನು ಮೆಲ್ಲಗೆ ಚಿವುಟುತ್ತಿದ್ದೆ. ಅದು ಕಿರ್ ಎಂದು ಅತ್ತರೆ ಅತ್ತೆ ಉಸಿರು ಬಿಟ್ಟು ಎದ್ದು ಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಹಾಜರು. ಅವರು ಬರುತ್ತಾರಲ್ಲ ಎಂಬ ಸಮಾಧಾನ ಒಂದು ಕಡೆ, ಇನ್ನೆಷ್ಟು ಸಾರಿ ಈ ಹಸುಗೂಸನ್ನು ಚಿವುಟಲಿ ಎಂಬ ಸಿಟ್ಟು ಇನ್ನೊಂದು ಕಡೆ.

ಒಂದು ಸಂಜೆ ದೀಪ ಹಚ್ಚುವ ಹೊತ್ತು. ಅತ್ತೆ ಅಳಸು ಎಂದರು, ನಾನು ಚಿವುಟಿದೆ. ಅಳು ಬರಲಿಲ್ಲ. ಇನ್ನೊಮ್ಮೆ ಚಿವುಟಿದೆ. ಕಾಲು ತಣ್ಣಗಿತ್ತು, ಬಾಯಿ ಮೊಲೆ ಹಿಡಿಯಲಿಲ್ಲ. ಅದರ ಅಂಗಾಲು ತಿಕ್ಕತೊಡಗಿದೆ. ಆಚೆ ಬಂಡೆಯಿಂದ "ಅಳಸೇ, ಅಳಸೇ" ಎಂಬ ದನಿ ಏರುತ್ತಾ ಬಂತು. ಆಮೇಲೆ ಆ ದನಿ ನಿಂತಿತು. ತಲೆ ಎತ್ತಿ ನೋಡಿದರೆ ಅತ್ತೆ ಗುಡಿಸಲ ಒಳಗಿದ್ದರು. ಕೂಸನ್ನು ನನ್ನ ಕೈಯಿಂದ ಕಿತ್ತುಕೊಂಡು, ರವಿಕೆ ಬಿಚ್ಚಿ, ಬರಿ ಎದೆಗೆ ಅವಚಿಕೊಂಡು ಸೆರಗು ಸುತ್ತಿಕೊಂಡರು. ಏಳೇ ಎಂದರು.

ನಮ್ಮ ಮನೆ ಬೇಲಿಗೆ ಅಂಟಿಕೊಂಡಿದ್ದ ಕೊನೆಯ ಮನೆ. ಒಳಗೆ ಹೋಗುವ ದಾರಿಯಲ್ಲಿ ಪೂಜಾರಿ ಮಾವ ನಿಂತಿದ್ದರು. ತೀರಿಕೊಂಡ ನಮ್ಮ ಮಾವನವರ ತಮ್ಮ, ಹಟ್ಟಿಗೆ ಹಿರಿಯರು. ಕೆಟ್ಟವರಲ್ಲ. ಅವರ ಕಣ್ಣಲ್ಲೂ ನೀರಿತ್ತು.

"ಅತ್ಗೆ, ನಮಗೂ ಸಂಕಟ ಐತೆ. ಆದ್ರೆ ಸೂತಕ ತಗಂಡು ಹಟ್ಟಿ ಒಳಕ್ಕೆ ಬರಂಗಿಲ್ಲ," ಎಂದರು.

ಅತ್ತೆ ನಿಂತರು. ಸೆರಗನ್ನು ಬಿಗಿದುಕೊಂಡು ಗುಡಿಯ ಕಡೆ ನೋಡಿದರು. ಹಿಂದಕ್ಕೆ ತಿರುಗಿಬಿಡುತ್ತಾರೆ ಎಂದೇ ನನಗನಿಸಿತು.

"ನಾನೆಲ್ಲಿ ಒಳಕ್ಕೆ ಬರ್ತಾ ಇದೀನಪ್ಪ?" ಎಂದರು. "ಬೇಲಿ ಕಿತ್ತು ನಮ್ಮನೆ ಆ ಕಡಿಗೆ ಹಾಕ್ಕಳ್ರಿ. ಇವತ್ತಿಂದ ಈ ಮನೆ ಹಟ್ಟಿ ಹೊರಗೈತೆ."

ಪೂಜಾರಿ ಮಾವ ದಾರಿ ಬಿಟ್ಟು ಸರಿದರು. ಅತ್ತೆ ಒಳಹೊಕ್ಕು ಒಲೆಯ ಮುಂದೆ ಕೂತರು. ಬಹಳ ಹೊತ್ತಿನ ಮೇಲೆ ಅವರ ಸೆರಗಿನೊಳಗಿಂದ ಬೆಕ್ಕಿನ ಮರಿಯಂಥ ಒಂದು ದನಿ ಬಂತು. ಸುದ್ದಿ ತಿಳಿದ ಗಂಡ ಮಾರಿಕಣಿವೆಯಿಂದ ಜೀಪು ಮಾಡಿಕೊಂಡು ಬಂದು ಹಿರಿಯೂರಿಗೆ ಕರೆದೊಯ್ದರು. ಹೀಗೆ ಎದೆಗಿಟ್ಟುಕೊಂಡು ಬೆಚ್ಚಗೆ ಮಾಡಿದ್ದಕ್ಕೇ ಉಳಿದಿದೆ ಎಂದ ಡಾಕ್ಟರ್, ಗಾಳಿಗೆ ಒಡ್ಡಿದ್ದಕ್ಕೆ ನಮ್ಮನ್ನೆಲ್ಲ ಚೆನ್ನಾಗಿ ಬೈದರು. ನಾವು ವಾಪಸ್ಸು ಬರುವಷ್ಟರಲ್ಲಿ ಪೂಜಾರಿ ಮಾವ ತಾವೇ ಕವೆಗೋಲು ಹಿಡಿದು ಮುಳ್ಳನ್ನು ಎಳೆದು, ಬೇಲಿಯನ್ನು ನಮ್ಮ ಮನೆಯ ಆ ಕಡೆಗೆ ಸರಿಸಿದ್ದರು.

ಅಲ್ಲಿಂದ ಮುಂದೆ ಅತ್ತೆಗೆ ಒಂದು ದಿನವೂ ನೆಮ್ಮದಿಯಿರಲಿಲ್ಲ. ಹಬ್ಬಕ್ಕೆ ದೇವರಿಗೆ ಮೊದಲ ಹಾಲಿನ ಗಡಿಗೆ ಹೊರುತ್ತಿದ್ದವರು ಅವರು. ಅದು ಬೇರೆಯವರ ತಲೆಗೆ ಹೋಯಿತು. ಗುಡಿಯ ಗಂಟೆ ಬಾರಿಸಿದರೆ ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದರು. ಕೈಗಳನ್ನು ಕಂಕುಳಲ್ಲಿಡುವ ಅಗತ್ಯ ಈಗಿರಲಿಲ್ಲ. ಆ ಕೈಗಳನ್ನು ಏನು ಮಾಡಬೇಕೋ ತಿಳಿಯದೆ ಸೆರಗಿನ ತುದಿಯನ್ನು ಹೊಸೆಯುತ್ತಿದ್ದರು. ನನ್ನ ಮಗಳಿಗೆ ಸ್ವಲ್ಪ ಮೈ ಬಿಸಿಯಾದರೂ, ಇದು ನನ್ನಿಂದಲೇ ಎಂದು ಉಪವಾಸ ಕೂರುತ್ತಿದ್ದರು.

ಚಿತ್ರದುರ್ಗದಿಂದ ನನ್ನ ಹಳೆಯ ಗೆಳತಿಯರು ಬಂದು, ಅತ್ತೆಯನ್ನು ವೇದಿಕೆ ಹತ್ತಿಸಿ ಸನ್ಮಾನ ಮಾಡುತ್ತೇವೆ, ಮಾನವ ಹಕ್ಕಿಗಾಗಿ ನಿಂತವರು ಎಂದರು. ಅವರು ಹೋದ ಮೇಲೆ ಅತ್ತೆ ಹಕ್ಕು ಅಂದರೆ ಏನೆಂದು ಕೇಳಿದರು. ಯಾರನ್ನೂ ಬೇಡದೆ ಮನುಷ್ಯರಿಗೆ ಸಿಗಬೇಕಾದದ್ದು ಎಂದೆ. ಬೇಡದೆ ಸಿಗುವುದು ಏನಿದೆ ಎಂಬಂತೆ ನನ್ನ ಮುಖ ನೋಡಿದರು.

"ನಾನು ಮಾಡಿದ್ದು ತಪ್ಪೇ ಕಣೇ. ಮಾಡ್ಲೇಬೇಕಾಗಿತ್ತು, ಮಾಡ್ದೆ. ತಪ್ಪು ಮಾಡಿ ಯಾರಾದ್ರೂ ಶಾಲು ಹೊದಿಸ್ಕಂತಾರಾ?"

ಸನ್ಮಾನಕ್ಕೆ ಹೋಗಲಿಲ್ಲ.

ಆಮೇಲೆ ನಡೆದದ್ದನ್ನು ನಾವ್ಯಾರೂ ಎಣಿಸಿರಲಿಲ್ಲ. ಒಂದು ಮಳೆಗಾಲ ಪೂಜಾರಿ ಮಾವನ ಸೊಸೆಯೇ ಬಾಣಂತಿಯಾಗಿ ನಮ್ಮ ಮನೆಗೆ ಬಂದಳು. ಮಾವ ಬೇಲಿಯಾಚೆ ನಿಂತು ನೆಲ ನೋಡುತ್ತಾ, ನಿಮ್ಮ ಮನೆ ಹೆಂಗೂ ಹಟ್ಟಿ ಹೊರಗೇ ಇದೆಯಲ್ಲ ಎಂದರು. ಅತ್ತೆ ಒಂದು ಕುಹಕದ ಮಾತಾಡಬಹುದಿತ್ತು, ನಾನಾಗಿದ್ದರೆ ಆಡುತ್ತಿದ್ದೆ. ಅವರು ಕೂಸಿಗೆ ಟೋಪಿ ಇದೆಯಾ ಎಂದಷ್ಟೇ ಕೇಳಿದರು. ಆಮೇಲೆ ಒಬ್ಬೊಬ್ಬರಾಗಿ ಬರತೊಡಗಿದರು. ಮುಟ್ಟಾದ ಹುಡುಗಿಯರು ಪುಸ್ತಕ ಹಿಡಿದುಕೊಂಡು ಬಂದರು, ಬಾಣಂತಿಯರು ಕೂಸು ಹಿಡಿದುಕೊಂಡು ಬಂದರು. ಕಟ್ಟಳೆ ಕಟ್ಟಳೆಯ ಹಾಗೇ ಇತ್ತು, ಗುಡಿಸಲುಗಳು ಮಾತ್ರ ಖಾಲಿ ಬಿದ್ದು ಸೋಗೆ ಉದುರಿಹೋದವು. ಒಳಕೋಣೆಯಲ್ಲಿ ಬಾಣಂತಿಯಿದ್ದರೆ ಅತ್ತೆ ಹೊಸ್ತಿಲ ಮೇಲೆ ಕೂತು ಅದೇ ಹಳೆಯ ಮಾತು: "ಒಂದ್ಸಾರಿ ಅಳಸೇ ತಾಯಿ." ಒಳಗೆ ಹೋಗಿ ಎತ್ತಿಕೊಳ್ಳಬಾರದಾ ಎಂದು ನಾನು ರೇಗಿದರೆ, ಎತ್ತಿಕೊಂಡರೂ ಅಳು ಕೇಳದೆ ಧೈರ್ಯ ಬರುವುದಿಲ್ಲ ಎನ್ನುತ್ತಿದ್ದರು.

ಹೋದ ವರ್ಷ ಅತ್ತೆ ತೀರಿಕೊಂಡರು. ಹಟ್ಟಿಯ ಜನ ಹೊರಲು ಬರುತ್ತಾರೋ ಇಲ್ಲವೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ಮೊದಲು ಬಂದವರು ಪೂಜಾರಿ ಮಾವ. ಎರಡೂ ಕೈಯಿಂದ ಅತ್ತೆಯ ಪಾದ ಹಿಡಿದು ಅತ್ತರು. ಕರ್ಮವೆಲ್ಲ ಮುಗಿದ ಮೇಲೆ ನಮ್ಮ ಜಗಲಿಯ ಹತ್ತಿರ ಬಂದು, "ಅತ್ಗೆ ಹೋದ್ಲು. ಶುದ್ಧಿ ಮಾಡಿಸಿ ಮನೇನ ಒಳಕ್ಕೆ ತಗಳಾಣ. ಬೇಲಿ ಹಳೇ ಜಾಗಕ್ಕೆ ಹಾಕ್ಸಾಣ," ಎಂದರು. ಇನ್ನು ಹಾಲಿನ ಗಡಿಗೆ ಹೊರುವುದು ನಿನ್ನ ಮಗಳೇ ಎಂದೂ ಹೇಳಿದರು.

ಮಗಳು ನನ್ನ ಮುಖ ನೋಡಿದಳು. ಎಲ್ಲ ಹಬ್ಬವನ್ನೂ ಬೇಲಿಯ ಈಚೆಯಿಂದಲೇ ನೋಡಿ ಬೆಳೆದ ಹುಡುಗಿ. ಅವಳ ಆಸೆ ನನಗೆ ಗೊತ್ತಿಲ್ಲದ್ದಲ್ಲ. ಅತ್ತೆ ಬದುಕಿದ್ದಿದ್ದರೆ ಈ ಮಾತು ಕೇಳಿ ಅಲ್ಲೇ ಕುಸಿದು ಅಳುತ್ತಿದ್ದರೇನೋ. ಒಳಕೋಣೆಯಲ್ಲಿ ಮೇಲಿನ ಮನೆಯ ಬಾಣಂತಿ ಮಲಗಿದ್ದಳು.

"ಬೇಲಿ ಅಲ್ಲೇ ಇರ್ಲಿ ಮಾವ," ಎಂದೆ.

ಮಾವ ಒಳಕೋಣೆಯ ಕಡೆ ನೋಡಿದರು. ತಿರುಗಿ ಬೇಲಿಯ ಕಡೆ ನಡೆದರು. ಮಗಳು ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಬೇಲಿಯನ್ನೇ ಕಿತ್ತೆಸೆಯುವುದು ಬಿಟ್ಟು ಇದೆಂಥ ರಾಜಿ ಎಂದು ಗೆಳತಿಯರು ಫೋನಿನಲ್ಲಿ ಬೈದರು. ಅವರ ಮಾತು ಸರಿ. ನಾನು ಮಾಡಿದ್ದು ಸರಿಯೋ ತಪ್ಪೋ ಎಂಬ ಚಿಂತೆ ಅತ್ತೆಯ ಹಾಗೆ ನನ್ನನ್ನೂ ಹಿಡಿದುಕೊಂಡಿದೆ.

ಈಗ ಮತ್ತೆ ಆಷಾಢ. ಗುಡ್ಡದಿಂದ ಗಾಳಿ ಇಳಿದು ಹೆಂಚುಗಳನ್ನು ಅಲ್ಲಾಡಿಸುತ್ತಿದೆ. ಒಳಕೋಣೆಯಲ್ಲಿ ಬಾಣಂತಿಯಿದ್ದಾಳೆ, ಬೆಂಕಿಯಿದೆ, ಕಂಬಳಿಯಿದೆ, ಗೋಡೆಗಳು ಗಟ್ಟಿಯಾಗಿವೆ. ಆದರೂ ಸ್ವಲ್ಪ ಹೊತ್ತು ಅಲ್ಲಿಂದ ಸದ್ದು ಬರದಿದ್ದರೆ ನನ್ನ ಕೈಕೆಲಸ ನಿಂತುಹೋಗುತ್ತದೆ. ಎದ್ದು ಹೋಗಿ ಹೊಸ್ತಿಲ ಮೇಲೆ ಕೂರುತ್ತೇನೆ.

"ಒಂದ್ಸಾರಿ ಅಳಸೇ ತಾಯಿ," ಅನ್ನುತ್ತೇನೆ.