ಸ್ಪೀಕರ್ ಇಲ್ಲದ ರೇಡಿಯೋ

ದೆವ್ವ, ಭೂತ, ಪವಾಡ ಎಂದು ಯಾರಾದರೂ ಶುರುಮಾಡಿದರೆ ಸಾಕು, ನಾನು ಎದ್ದು ಹೋಗುತ್ತಿದ್ದೆ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು ನಾನು. ತಂತಿ ಇದ್ದರೆ ಕರೆಂಟು, ಇಲ್ಲದಿದ್ದರೆ ಇಲ್ಲ. ನನ್ನ ವೇದಾಂತ ಅಷ್ಟೇ. ಈಗ ಬರೆಯುತ್ತಿರುವುದನ್ನು ನೀವು ನಂಬಬೇಕಿಲ್ಲ. ನಂಬಿ ಎಂದು ಹೇಳಲು ನನಗೇ ಬಾಯಿ ಬರುವುದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನಜರ್‌ಬಾದಿನ ನಮ್ಮ ಮನೆಯಲ್ಲಿ ಅಕ್ಕ, ಅವಳ ಮಗಳು ಉಮಾ, ನಾನು ಇದ್ದೆವು. ಉಮಾ ಹೊಟ್ಟೆಯಲ್ಲಿದ್ದಾಗ ಅಕ್ಕನಿಗೆ ಕೆಟ್ಟ ಜ್ವರ ಬಂದು ಎರಡು ಕಿವಿಯೂ ಹೋದವು. ಮಗು ಹುಟ್ಟಿದಾಗ ಅತ್ತದ್ದನ್ನೂ ಅವಳು ಕೇಳಲಿಲ್ಲ. ತೋರಿಸದ ಡಾಕ್ಟರಿಲ್ಲ, ಹರಸಿಕೊಳ್ಳದ ದೇವರಿಲ್ಲ. ಕಿವಿಗೆ ಹಾಕುವ ಮೆಷಿನ್ನೂ ಪ್ರಯೋಜನಕ್ಕೆ ಬರಲಿಲ್ಲ. "ಒಂದೇ ಒಂದು ಸಲ ಇವಳು ಅಮ್ಮಾ ಅನ್ನೋದು ಕೇಳಿದ್ರೆ ಸಾಕು ಕಣೋ" ಎನ್ನುತ್ತಿದ್ದಳು.

ಅಟ್ಟದ ಮೇಲೆ ಅಪ್ಪನ ಕಾಲದ ವಾಲ್ವ್ ರೇಡಿಯೋ ಬಿದ್ದಿತ್ತು. ಮದುವೆಗೆ ಮುಂಚೆ ಅಕ್ಕ ಹಗಲೆಲ್ಲ ಅದರ ಮುಂದೆ ಕೂತು ಬ್ಲೌಸು ಹೊಲಿಯುತ್ತಿದ್ದಳು. ಅದು ಮಾತಾಡಿದರೆ ತನಗೆ ಕೇಳಿಸುತ್ತದೆ, ಆಮೇಲೆ ಮಗಳ ದನಿಯೂ ಕೇಳಿಸುತ್ತದೆ ಎಂಬುದು ಅವಳ ತಲೆಗೆ ಹೇಗೆ ಹೊಕ್ಕಿತೋ ಕಾಣೆ, ರಿಪೇರಿ ಮಾಡೋ ಎಂದು ನನ್ನ ಪ್ರಾಣ ತಿಂದಳು. ಕೆಟ್ಟಿರುವುದು ನಿನ್ನ ಕಿವಿ ಮಾರಾಯ್ತಿ ಎಂದು ರೇಗಿದೆ. ಅವಳಿಗೆ ಕೇಳಿಸಬೇಕಲ್ಲ! ಕೊನೆಗೆ ಸೋತು ಕೆಳಗಿಳಿಸಿದೆ.

ಧ್ವನಿಯ ಭಾಗವೇ ಪೂರ್ತಿ ಹಾಳಾಗಿತ್ತು. ಹಳೆಯ ಕಂಡೆನ್ಸರ್‌ಗಳನ್ನು ಬದಲಾಯಿಸಿದೆ. ಸ್ಪೀಕರಿನ ಕಾಗದವನ್ನು ಇಲಿ ತಿಂದಿತ್ತು. ಅದನ್ನು ಬಿಚ್ಚಿ ಹೊಸದು ಹಾಕಿಸಲು ಅಂಗಡಿಗೆ ಕೊಟ್ಟೆ. ನನಗೆ ರಜೆಯಿದ್ದ ಒಂದು ಮಧ್ಯಾಹ್ನ, ವಾಲ್ವ್‌ಗಳು ಹೊತ್ತಿಕೊಳ್ಳುತ್ತವೆಯೋ ನೋಡೋಣವೆಂದು ಸ್ವಿಚ್ ಹಾಕಿದೆ. ಸ್ಪೀಕರ್ ಇಲ್ಲದೆ ಅದಕ್ಕೆ ಧ್ವನಿ ಕಳಿಸುವ ಕೊನೆಯ ವಾಲ್ವ್‌ಗೆ ಕರೆಂಟು ಕೊಡಬಾರದು, ಅದನ್ನೂ ಕಿತ್ತು ಮೇಜಿನ ಮೇಲಿಟ್ಟಿದ್ದೆ. ಅಂದರೆ ಆ ಪೆಟ್ಟಿಗೆಯಿಂದ ಪಿಟ್ಟೆನ್ನುವ ಸದ್ದೂ ಬರುವ ಹಾಗಿರಲಿಲ್ಲ. ಬರಲೂ ಇಲ್ಲ.

ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಿದ್ದ ಅಕ್ಕ ತಟ್ಟನೆ ನೆಟ್ಟಗಾದಳು. "ಬಂದ್ಬುಡ್ತು ಕಣೋ!" ಎಂದು ನಕ್ಕಳು. ಆಮೇಲೆ ಒಂದೊಂದಾಗಿ ಹೇಳತೊಡಗಿದಳು, ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಾಲಿಗೆ ಇಷ್ಟು, ಮಂಡ್ಯದಲ್ಲಿ ಅಚ್ಚುಬೆಲ್ಲ ಇಷ್ಟು ಎಂದು. ರೇಡಿಯೋದಲ್ಲಿ ಓದುವ ಪೇಟೆ ಧಾರಣೆ!

ಇವಳಿಗೆ ತಲೆ ಕೆಟ್ಟಿತೆಂದುಕೊಂಡೆ. ನನ್ನ ಪುಟ್ಟ ಟ್ರಾನ್ಸಿಸ್ಟರ್ ತಂದು, ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಸ್ಟೇಷನ್ ಹಿಡಿದೆ. ಬೆಲ್ಲ ಮುಗಿದು ಹುಣಸೆಹಣ್ಣು ಬಂದಿತ್ತು. ನನ್ನ ಕಿವಿಯೊಳಗೆ ಓದುತ್ತಿದ್ದ ಗಂಡಸು, ಎದುರಿಗಿದ್ದ ಅಕ್ಕ, ಇಬ್ಬರೂ ಅದೇ ಮಾತನ್ನು ಒಟ್ಟೊಟ್ಟಿಗೆ ಹೇಳುತ್ತಿದ್ದರು.

ಅಷ್ಟರಲ್ಲಿ ಉಮಾ ಶಾಲೆಯಿಂದ ಓಡಿಬಂದು ಅಕ್ಕನ ಕೊರಳಿಗೆ ಜೋತುಬಿದ್ದು, "ಅಮ್ಮಾ, ಹೊಟ್ಟೆ ಹಸೀತಿದೆ" ಎಂದು ಕಿವಿಯ ಹತ್ತಿರವೇ ಕಿರುಚಿದಳು. ಅಕ್ಕ ಅಲುಗಲಿಲ್ಲ. ಆಮೇಲೆ ಮಗುವಿನ ಬಾಯಾಡುವುದನ್ನು ಕಂಡು ಅವಳ ಮುಖದ ಬಣ್ಣವೇ ಹೋಯಿತು. ಭುಜ ಹಿಡಿದು, "ಇನ್ನೊಂದ್ಸಲ ಅನ್ನೇ, ಜೋರಾಗಿ ಅನ್ನು ಕಣೇ" ಎಂದಳು. ಉಮಾ ಗಂಟಲು ಒಡೆಯುವ ಹಾಗೆ ಕೂಗಿದಳು. ಅಕ್ಕ ತಲೆಯಾಡಿಸಿ, "ಇಲ್ಲ. ಅವನ ದನಿ ಮಾತ್ರ ಕೇಳಿಸ್ತಿದೆ" ಎಂದಳು. ಸ್ವಲ್ಪ ಹೊತ್ತಿಗೆ ಧಾರಣೆ ಮುಗಿಯಿತು. ಅವಳ ಪಾಲಿಗೆ ಅದೂ ನಿಂತಿತು.

ಸ್ಪೀಕರ್ ಬಂತು. ಹಾಕಿದೆ. ರೇಡಿಯೋ ಇಡೀ ಬೀದಿಗೆ ಕೇಳುವ ಹಾಗೆ ಮಾತಾಡಿತು, ಅಕ್ಕನೊಬ್ಬಳಿಗೆ ಬಿಟ್ಟು. ಸ್ಪೀಕರ್ ಬಿಚ್ಚಿ, ಆ ವಾಲ್ವ್ ಕಿತ್ತು, ಮೊದಲಿದ್ದ ಹಾಗೆಯೇ ಇಟ್ಟು ಎಷ್ಟು ಮಧ್ಯಾಹ್ನ ಕೂರಿಸಿದೆನೋ ಲೆಕ್ಕವಿಲ್ಲ. ಮಕ್ಕಳ ಕಾರ್ಯಕ್ರಮ ಬರುವ ಹೊತ್ತಿಗೂ ಕೂರಿಸಿದೆ. ಏನೂ ಇಲ್ಲ. ಕಾರ್ಖಾನೆಯ ಇಂಜಿನಿಯರೊಬ್ಬರು, ಪೆಟ್ಟಿಗೆ ಅದುರಿದ್ದು ಕೈಯ ಮೂಲಕ ಗೊತ್ತಾಗಿರಬೇಕು ಎಂದರು. ಅದುರುವುದಕ್ಕೆ ಅಲ್ಲಿ ಏನಿತ್ತು ಸ್ವಾಮಿ?

ಒಂದು ದಿನ ಅಕ್ಕ ತಾನೇ ಪ್ಲಗ್ ಕಿತ್ತು ಅದರ ಮೇಲೆ ಬಟ್ಟೆ ಮುಚ್ಚಿದಳು. ಆಮೇಲೆ ಯಾವ ದೇವರಿಗೂ ಹರಸಿಕೊಳ್ಳಲಿಲ್ಲ, ಮಗಳ ದನಿಯ ಮಾತೂ ಎತ್ತಲಿಲ್ಲ. ಅವತ್ತು ಬಟ್ಟೆ ಮುಚ್ಚುತ್ತ ನನ್ನನ್ನು ಒಂದೇ ಮಾತು ಕೇಳಿದಳು.

"ಕೊಬ್ಬರಿ ರೇಟು ಯಾರಿಗೆ ಬೇಕಾಗಿತ್ತೋ?"