ರಿಯಾದಿನವನು ಒಂದು, ಅಬ್ಕೈಕಿನವನು ಎರಡು

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಸೌದಿಯ ಜುಬೈಲಿನ ನಮ್ಮ ಆಫೀಸಿನಲ್ಲಿ ಎಲ್ಲರಿಗಿಂತ ಮೊದಲು ಚಕ್ರ ಕಳಚುವುದು ನನ್ನ ಕುರ್ಚಿಯದ್ದೇ ಎಂದು ಸ್ಟೋರಿನವರು ಗೊಣಗುತ್ತಾರೆ. ಕಾರ್ಖಾನೆಗಳ ರಿಪೇರಿ ಕೆಲಸಕ್ಕೆ ಪ್ಲಾನ್ ಹಾಕಿಕೊಡುವುದು ನನ್ನ ಉದ್ಯೋಗ. ಯಾವ ಪಂಪು ಯಾವಾಗ ನಿಲ್ಲಬೇಕು, ಯಾವ ಫಿಟ್ಟರ್ ಎಲ್ಲಿಗೆ ಹೋಗಬೇಕು ಎಂದು ಇಡೀ ದಿನ ಕಂಪ್ಯೂಟರಿನಲ್ಲಿ ಸಾಲು ಹಿಡಿಸುವವನಿಗೆ ಮನೆಗೆ ಬಂದ ಮೇಲೂ ಕೈ ತುರಿಸುತ್ತಿರುತ್ತದೆ. ಇಂಥವನಿಗೆ ಹೋದ ವರ್ಷ ಅಮೆರಿಕದ ಫುಟ್‌ಬಾಲ್ ಅಂಟಿಕೊಂಡಿತು.

ನಮ್ಮ ಬಾಸ್ ಅಮೆರಿಕದವರು. ಪ್ರತಿ ಸೆಪ್ಟೆಂಬರಿನಲ್ಲಿ ಆಫೀಸಿನ ಕೆಲವರನ್ನು ಕೂಡಿಸಿ ಒಂದು ಲೀಗ್ ನಡೆಸುತ್ತಾರೆ. ನಿಜವಾಗಿ ಆಡುವವರು ಅಮೆರಿಕದ ವೃತ್ತಿಪರ ಆಟಗಾರರು. ನಾವು ಇಲ್ಲಿ ಕುಳಿತು ಅವರಲ್ಲಿ ನಮಗೆ ಬೇಕಾದವರನ್ನು ಆರಿಸಿ ನಮ್ಮದೊಂದು ತಂಡ ಕಟ್ಟಿಕೊಳ್ಳುವುದು. ಅಲ್ಲಿ ಅವರು ಚೆನ್ನಾಗಿ ಆಡಿದರೆ ಇಲ್ಲಿ ನಮಗೆ ಅಂಕ. ಹಣದ ಮಾತಿಲ್ಲ, ಗೆದ್ದರೆ ಹೆಸರು ಮಾತ್ರ. ಲೀಗಿನಲ್ಲಿದ್ದ ಒಬ್ಬ ಎಂಜಿನಿಯರ್ ಕೆಲಸ ಬಿಟ್ಟು ಹೋಗಿದ್ದರಿಂದ ಒಂದು ತಂಡಕ್ಕೆ ಜನ ಇರಲಿಲ್ಲ. ಬಾಸ್ ನನ್ನ ಮೇಜಿನ ಹತ್ತಿರ ಬಂದು, ಸೌದಿಗೆ ಬಂದು ಇಷ್ಟು ವರ್ಷಗಳಲ್ಲಿ ಕಲಿತಿದ್ದ ಒಂದೇ ಅರಬಿ ಶಬ್ದದಲ್ಲಿ, "ಯಲ್ಲಾ!" ಎಂದರು, ನಡಿ ಹೋಗುವ ಎಂದರ್ಥ. ನಾನು ಎದ್ದು ಹೋದೆ.

ಹೆಸರು ಫುಟ್‌ಬಾಲ್ ಆದರೂ ಇದರಲ್ಲಿ ಕಾಲಿನಿಂದ ಒದೆಯುವುದು ಅಪರೂಪ. ಮೊಟ್ಟೆಯಾಕಾರದ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಬೇಕು. ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್. ದೂರಕ್ಕೆ ಓಡಿ ಅದನ್ನು ಹಿಡಿಯುವವನು ರಿಸೀವರ್. ಎದೆಗೊತ್ತಿಕೊಂಡು ಗುಂಪಿನೊಳಗೆ ನುಗ್ಗುವವನು ರನ್ನಿಂಗ್ ಬ್ಯಾಕ್. ಮೈಮೇಲೆ ಬೀಳುವವರನ್ನು ತಡೆಯಲಿಕ್ಕೆಂದೇ ಮುಂದೆ ದಪ್ಪ ದಪ್ಪ ಆಳುಗಳ ಒಂದು ಸಾಲು. ನಾನು ಕಾಪುವಿನ ಗದ್ದೆಗಳಲ್ಲಿ ಕಬಡ್ಡಿ ಆಡಿ ಬೆಳೆದವನು. ರೈಡರ್ ಬೇರೆ, ಕಾರ್ನರಿನಲ್ಲಿ ನಿಂತು ಕಾಲು ಹಿಡಿಯುವವನು ಬೇರೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಟ ಬೇಗ ತಲೆಗೆ ಹತ್ತಿತು.

ಬಾಸ್ ಹೇಳಿಕೊಟ್ಟದ್ದು ಎರಡೇ ಮಾತು. ಎಸೆಯುವವನನ್ನು ಓಡುವವನ ಜೊತೆ ತೂಗಬೇಡ, ಪ್ರತಿಯೊಬ್ಬನನ್ನೂ ಅವನವನ ಜಾಗದಲ್ಲೇ ಇಟ್ಟು ನೋಡು. ಮತ್ತೆ, ಪ್ರತಿ ಮಂಗಳವಾರ ರ‍್ಯಾಂಕ್‌ಗಳನ್ನು ಹೊಸದಾಗಿ ಹಾಕು, ಹೋದ ವಾರದ ನಂಬರ್ ಒನ್ ಹೋದ ವಾರಕ್ಕೇ ಮುಗಿಯಿತು. ನನಗೆ ಈ ಎರಡನೆಯ ಮಾತು ಬಹಳ ಹಿಡಿಸಿತು. ಇಡೀ ಜೀವಮಾನ ಒಮ್ಮೆ ಆಡಿದ ಮಾತಿಗೆ ಕಟ್ಟುಬಿದ್ದವರ ನಡುವೆ ಬೆಳೆದವನಿಗೆ, ಪ್ರತಿ ಮಂಗಳವಾರ ಮನಸ್ಸು ಬದಲಾಯಿಸಬಹುದು ಎನ್ನುವುದೇ ದೊಡ್ಡ ಸುಖ.

ಸುಖ ಹೆಚ್ಚಾಗಿ ಹುಚ್ಚಾಯಿತು. ಕ್ವಾರ್ಟರ್‌ಬ್ಯಾಕುಗಳಲ್ಲಿ ಮೊದಲ ಹತ್ತು ಮಂದಿ ಯಾರು, ರಿಸೀವರುಗಳಲ್ಲಿ ವೇಗ ಇದ್ದವನು ಮೇಲೋ ಕೈ ಗಟ್ಟಿ ಇದ್ದವನು ಮೇಲೋ ಎಂದು ಕಂಪೆನಿ ಬಸ್ಸಿನಲ್ಲಿ ಕೂತು ಬೆರಳು ಮಡಚುತ್ತಿದ್ದೆ. ಆಮೇಲೆ ಬಸ್ಸಿನ ಡ್ರೈವರುಗಳಿಗೂ ಬ್ರೇಕ್ ಹಾಕುವ ಲೆಕ್ಕದಲ್ಲಿ ಸ್ಥಾನ ಕೊಟ್ಟೆ. ಮೀನು ಮಾರ್ಕೆಟಿನ ಅಂಗಡಿಗಳಿಗೆ ಕೊಟ್ಟೆ. ಒಂದು ಸಂಜೆ ಹೆಂಡತಿ ಚಹಾದ ಗ್ಲಾಸನ್ನು ಮೇಜಿನ ಮೇಲೆ ಕುಕ್ಕಿ, "ನನ್ನನ್ನು ಯಾವ ಪೊಸಿಶನ್ನಿನಲ್ಲಿ ಇಟ್ಟಿದ್ದೀರಿ, ಅದನ್ನೂ ಹೇಳಿಬಿಡಿ" ಎಂದಳು. ನೀನು ಕೋಚ್ ಎಂದು ಹೇಳಿ ಪಾರಾದೆ.

ಇಂಥ ಹೊತ್ತಿನಲ್ಲೇ ಊರಿನಿಂದ ಅಕ್ಕನ ಫೋನು ಬಂತು. ನಮ್ಮ ಮನೆಮಾತು ಬ್ಯಾರಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಗಳಿಗೆ ಎರಡು ಸಂಬಂಧ ಬಂದಿದೆ ಮಾರಾಯ. ಎರಡು ಹುಡುಗರೂ ನಿನ್ನ ಸೌದಿಯಲ್ಲೇ ಇರುದು. ಒಬ್ಬ ರಿಯಾದಿನಲ್ಲಿ, ಒಬ್ಬ ಎಂತದೋ ಅಬ್ಕೈಕ್ ಅಂತೆ. ನೀನು ಒಮ್ಮೆ ನೋಡಿ ಹೇಳು."

ಅಕ್ಕನಿಗೆ ಒಬ್ಬಳೇ ಮಗಳು. ಉಡುಪಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಟೆಕ್ನಿಷಿಯನ್. ಇನ್ನು, "ನೋಡಿ ಹೇಳು" ಎನ್ನುವುದು ನಮ್ಮವರಲ್ಲಿ ಸಣ್ಣ ಮಾತಲ್ಲ. ಹುಡುಗ ಗಲ್ಫಿನಲ್ಲಿದ್ದರೆ ಊರಿನವರಿಗೆ ಅವನ ಮನೆ ಕಾಣುತ್ತದೆ, ಅವನು ಕಾಣುವುದಿಲ್ಲ. ಆದ್ದರಿಂದ ಇಲ್ಲಿರುವ ಮಾವನೋ ಚಿಕ್ಕಪ್ಪನೋ ಒಂದು ಶುಕ್ರವಾರ ಅವನ ರೂಮಿಗೆ ಹೋಗುತ್ತಾನೆ. ಜೊತೆಗೆ ಊಟ ಮಾಡುತ್ತಾನೆ, ರೂಮಿನವರ ಹತ್ತಿರ ಮೆಲ್ಲಗೆ "ಜನ ಹೇಗೆ?" ಎಂದು ವಿಚಾರಿಸುತ್ತಾನೆ. ಆಮೇಲೆ ಊರಿಗೆ ಫೋನು ಮಾಡುತ್ತಾನೆ. ಆ ಫೋನಿನಲ್ಲಿ ಅವನು ಹೇಳಿದ್ದೇ ಕೊನೆ.

ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ದಿನ ಎಲ್ಲೋ ಇರುವ ಆಟಗಾರರನ್ನು ತೂಗಿ ತೂಗಿ ಕೈ ಪಳಗಿತ್ತು. ಈಗ ಎದುರಿಗೇ ಇಬ್ಬರು ಸಿಕ್ಕಿದ್ದಾರೆ, ಒಂದೇ ಜಾಗಕ್ಕೆ.

ಮೊದಲು ರಿಯಾದಿಗೆ ಹೋದೆ. ಹುಡುಗ ಒಂದು ಕಂಪೆನಿಯ ಅಕೌಂಟ್ಸ್ ವಿಭಾಗದಲ್ಲಿದ್ದ. ಇಸ್ತ್ರಿ ಮಾಡಿದ ಅಂಗಿ, ಸ್ವಂತ ಕಾರು, ಹೆಂಡತಿಯನ್ನು ಕರೆಸಿಕೊಳ್ಳಲು ಫ್ಲ್ಯಾಟು ಕೂಡ ನೋಡಿಟ್ಟಿದ್ದ. "ಅಂಕಲ್, ಕಾರು ಪಾರ್ಕ್ ಮಾಡ್ಲಿಕ್ಕೆ ಜಾಗ ಸಿಗುದಿಲ್ಲ, ಮೆಟ್ರೋದಲ್ಲೇ ಹೋಗುವ" ಎಂದು ಹೊಸ ಮೆಟ್ರೋ ಹತ್ತಿಸಿ ಕರೆದುಕೊಂಡು ಹೋಗಿ ಒಳ್ಳೆಯ ಹೋಟೆಲಿನಲ್ಲಿ ಊಟ ಹಾಕಿಸಿದ. ಕೇಳಿದ್ದಕ್ಕೆಲ್ಲ ಚೊಕ್ಕವಾಗಿ ಉತ್ತರ ಕೊಟ್ಟ. ತಾನಾಗಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇದು ಗಂಭೀರ ಸ್ವಭಾವ ಎಂದುಕೊಂಡು ಮನಸ್ಸಿನಲ್ಲೇ ಅಂಕ ಹಾಕಿದೆ.

ಮುಂದಿನ ಶುಕ್ರವಾರ ಅಬ್ಕೈಕ್. ಈ ಹುಡುಗ ಎಣ್ಣೆ ಸಂಸ್ಕರಿಸುವ ಘಟಕದಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಕ್ಯಾಂಪಿನ ರೂಮು, ಮೂರು ಮಂಚ. ತಾನೇ ಮೀನು ಸಾರು ಮಾಡಿದ್ದ, ಉಪ್ಪು ಸ್ವಲ್ಪ ಹೆಚ್ಚು. ರೂಮಿನವರು ಅವನ ಬಗ್ಗೆ ಒಳ್ಳೆಯ ಮಾತೇ ಹೇಳಿದರು. ಆದರೆ ಅವನಿಗೂ ನನ್ನ ಹಾಗೆ ಒಂದು ಕಡೆ ಕೂರಲು ಬರುವುದಿಲ್ಲ. ಬಡಿಸುತ್ತಾ ಬಡಿಸುತ್ತಾ ನನ್ನನ್ನೇ ಕೇಳಲು ಶುರು ಮಾಡಿದ.

"ಕಾಕ, ಅವರು ಲ್ಯಾಬಿನಲ್ಲಿ ಕೆಲಸ ಮಾಡುದಲ್ವಾ? ಹೆಂಡತಿ ಅಂತ ಇಲ್ಲಿಗೆ ಬಂದ್ರೆ ಆ ಇಕಾಮಾ ಪರ್ಮಿಟಿನಲ್ಲಿ ಕೆಲಸ ಸಿಗುದು ಕಷ್ಟ ಉಂಟು. ಲ್ಯಾಬ್ ಕೆಲಸದ ಲೈಸೆನ್ಸಿಗೆ ಬೇರೆ ಪರೀಕ್ಷೆ ಕೊಡ್ಬೇಕು. ಅವರಿಗೆ ಕೆಲಸ ಬಿಡ್ಲಿಕ್ಕೆ ಮನಸ್ಸುಂಟಾ? ಅಥವಾ ಊರಿನಲ್ಲೇ ಇರ್ತಾರಾ?"

ನನಗೆ ರೇಗಿತು. ನೋಡಲು ಬಂದವನು ನಾನು, ಇವನು ನನ್ನ ಇಂಟರ್‌ವ್ಯೂ ಮಾಡುತ್ತಿದ್ದಾನಲ್ಲ! "ಅದೆಲ್ಲ ಎಂತ ಈಗ? ಮದುವೆಯಾದ ಮೇಲೆ ಬಿಡ್ತಾಳೆ" ಎಂದು ಮಾತು ಮುಗಿಸಿದೆ. ಅವನು "ಹೌದಾ" ಎಂದು ಇನ್ನೊಂದು ಸೌಟು ಸಾರು ಬಡಿಸಿದ. ಮಾತು ಜಾಸ್ತಿ ಎಂದು ಅಂಕ ಕಡಿಮೆ ಮಾಡಿದೆ.

ಬಸ್ಸಿನಲ್ಲಿ ವಾಪಸು ಬರುವಾಗಲೇ ಅಕ್ಕನಿಗೆ ಫೋನು ಮಾಡಿ, ಆಫೀಸಿನಲ್ಲಿ ಆಟಗಾರರ ಬಗ್ಗೆ ಹೇಳುವ ಧಾಟಿಯಲ್ಲೇ ಹೇಳಿದೆ: "ಸದ್ಯಕ್ಕೆ ರಿಯಾದಿನವನು ಒಂದು, ಅಬ್ಕೈಕಿನವನು ಎರಡು."

ಅಕ್ಕನಿಗೆ "ಸದ್ಯಕ್ಕೆ" ಎನ್ನುವುದು ಕೇಳಿಸಲೇ ಇಲ್ಲ. ಕೇಳಿಸಿದ್ದರೂ ಅದಕ್ಕೊಂದು ಅರ್ಥವಿದೆ ಎಂದು ಅವಳಿಗೆ ಅನಿಸುತ್ತಿರಲಿಲ್ಲ. ಗಲ್ಫಿನಿಂದ ತಮ್ಮ ಹೇಳಿದ್ದಾನೆ, ಆಯಿತು. ಮರುದಿನವೇ ರಿಯಾದ್ ಹುಡುಗನ ಮನೆಯವರಿಗೆ, "ನಮ್ಮ ಕಡೆಯಿಂದ ಒಪ್ಪಿಗೆ ಇದ್ದ ಹಾಗೆ. ಶುಕ್ರವಾರ ಬನ್ನಿ, ಮಾತು ಗಟ್ಟಿ ಮಾಡುವ" ಎಂದು ಹೇಳಿ ಕಳಿಸಿದಳಂತೆ. ಅದು ನನಗೆ ತಿಳಿದದ್ದು ಎರಡು ದಿನ ಕಳೆದು, ಸೋಮವಾರ ಬೆಳಿಗ್ಗೆ, ವಾಟ್ಸಾಪಿನಲ್ಲಿ. ಯಾವ ಬಗೆಯ ಹಲ್ವಾ ತರಿಸುವುದು ಎಂದೂ ಕೇಳಿದ್ದಳು.

ಹಲ್ವಾದ ಪ್ರಶ್ನೆಗೆ ಉತ್ತರ ಬರೆಯಲು ಹೋಗಿ ಅಳಿಸಿದೆ. ತಪ್ಪೇನಾಗಿದೆ ಎಂದು ಹೇಳಲೂ ಬರುತ್ತಿಲ್ಲ. ರಿಯಾದಿನವನಲ್ಲಿ ಯಾವ ಕೊರತೆಯೂ ಇಲ್ಲ. ನಾನೇ ನೋಡಿ, ನಾನೇ ಮೇಲಿಟ್ಟವನು. ಆದರೂ ಆ ಬೆಳಿಗ್ಗೆ ಆಫೀಸಿನಲ್ಲಿ ಎರಡು ಪಂಪುಗಳನ್ನು ಒಟ್ಟಿಗೆ ನಿಲ್ಲಿಸುವ ಪ್ಲಾನ್ ಹಾಕಿ ಫೋರ್‌ಮನ್ ಕೈಯಲ್ಲಿ ಬೈಸಿಕೊಂಡೆ.

ಮಧ್ಯಾಹ್ನ ಬಾಸ್ ಹಿಂದಿನ ಸಂಜೆಯ ಆಟದ ತುಣುಕುಗಳನ್ನು ಹಾಕಿಕೊಂಡು ಕುಳಿತಿದ್ದರು. ನನ್ನ ತಂಡದಲ್ಲಿ ಒಬ್ಬ ರನ್ನಿಂಗ್ ಬ್ಯಾಕ್ ಇದ್ದ, ಅಂಕ ತರುವುದರಲ್ಲಿ ಅವನೇ ನನ್ನ ಬಂಡವಾಳ. ಬಾಸ್ ತಮ್ಮ ಸ್ವಂತ ರ‍್ಯಾಂಕಿನಲ್ಲಿ ಅವನನ್ನು ಎಷ್ಟೋ ಕೆಳಗೆ ತಳ್ಳಿದ್ದರು. ನಾನು ಜಗಳಕ್ಕೆ ನಿಂತೆ. ಅವರು ಮಾತಾಡದೆ ಒಂದು ತುಣುಕನ್ನು ಮತ್ತೆ ಮತ್ತೆ ತೋರಿಸಿದರು. ಅದರಲ್ಲಿ ಚೆಂಡು ನನ್ನವನ ಕೈಯಲ್ಲಿಲ್ಲ, ಕ್ವಾರ್ಟರ್‌ಬ್ಯಾಕಿನ ಕೈಯಲ್ಲಿದೆ. ಎದುರಾಳಿಯೊಬ್ಬ ಸಾಲು ಮುರಿದು ಅವನತ್ತ ನುಗ್ಗುತ್ತಿದ್ದಾನೆ. ಅಡ್ಡ ಹೋಗಿ ತಡೆಯಬೇಕಾದವನು ನನ್ನವನು. ಅವನು ಆ ಕಡೆ ತಿರುಗಿಯೂ ನೋಡದೆ, ಮುಂದಿನ ಚೆಂಡು ತನಗೇ ಬರುತ್ತದೆ ಎನ್ನುವ ಹಾಗೆ ನಿಂತಿದ್ದಾನೆ. ಕ್ವಾರ್ಟರ್‌ಬ್ಯಾಕ್ ಧಡ್ ಎಂದು ನೆಲಕ್ಕೆ ಬಿದ್ದ.

"ಇದಕ್ಕೆ ಅಂಕದಲ್ಲಿ ಲೆಕ್ಕ ಇಲ್ಲ. ಆದರೆ ನಾನು ತಂಡ ಕಟ್ಟುವವನಾದರೆ ಮೊದಲು ಇದನ್ನೇ ನೋಡುತ್ತೇನೆ, ಇವನಿಗೆ ಜೊತೆಯವನು ಕಾಣುತ್ತಾನೋ ಇಲ್ಲವೋ ಅಂತ" ಎಂದರು ಬಾಸ್. ಅವರು ಹೇಳಿದ್ದು ಆಟದ ಬಗ್ಗೆ ಮಾತ್ರ. ನನಗೆ ಅವತ್ತು ಊಟ ರುಚಿಸಲಿಲ್ಲ.

ಸಂಜೆ ಆಫೀಸಿನಿಂದ ಇಳಿಯುವಾಗ ಸೊಸೆಯ ಫೋನು. ಅಕ್ಕನ ಮಗಳು ನನಗೆ ತಾನಾಗಿ ಫೋನು ಮಾಡುವವಳಲ್ಲ. ಹಬ್ಬಕ್ಕೆ ಅಕ್ಕ ಮಾತಾಡುವಾಗ ಹಿಂದಿನಿಂದ ಸಲಾಂ ಹೇಳುತ್ತಾಳೆ, ಅಷ್ಟೇ. ನಾನು ಬಸ್ಸು ಹತ್ತದೆ ಪಕ್ಕಕ್ಕೆ ನಿಂತೆ.

"ಮಾಮ, ಒಂದು ಕೇಳ್ಬೇಕಿತ್ತು. ಬೈಬಾರ್ದು."

"ಕೇಳು ಮಗಳೇ."

"ನೀವು ಇಬ್ಬರನ್ನೂ ನೋಡಿದ್ರಲ್ಲ. ಅವರು ನನ್ನ ಬಗ್ಗೆ ಎಂತಾದ್ರೂ ಕೇಳಿದ್ರಾ?"

ರಿಯಾದಿನ ಆ ಮಧ್ಯಾಹ್ನವನ್ನು ತಲೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಿಸಿದೆ. ಮೆಟ್ರೋ, ಹೋಟೆಲು, ಫ್ಲ್ಯಾಟು. ಅವಳ ಹೆಸರನ್ನಾದರೂ ಅವನು ಎತ್ತಿದ್ದನೋ ಎಂದು ಹುಡುಕಿದೆ. ಎತ್ತಿರಲಿಲ್ಲ.

"ರಿಯಾದಿನವನು ಕೇಳ್ಲಿಲ್ಲ. ಇನ್ನೊಬ್ಬ ಕೇಳಿದ."

"ಎಂತ ಕೇಳಿದ್ರು?"

ಹೇಳಿದೆ. ಇಕಾಮಾ, ಲೈಸೆನ್ಸು, ಕೆಲಸ ಬಿಡಲು ಮನಸ್ಸುಂಟಾ ಎಂದದ್ದು, ಎಲ್ಲ ಹೇಳಿದೆ. ಹೇಳುತ್ತಿದ್ದ ಹಾಗೆ ನನ್ನ ಸ್ವರ ನನಗೇ ಸಣ್ಣದಾಗಿ ಕೇಳಿಸಿತು.

"ಅದಕ್ಕೆ ನೀವು ಎಂತ ಹೇಳಿದ್ರಿ ಮಾಮ?"

"ಮದುವೆಯಾದ ಮೇಲೆ ಬಿಡ್ತಾಳೆ ಅಂತ."

"ನಾನು ಬಿಡ್ತೇನೆ ಅಂತ ನಿಮ್ಗೆ ಯಾವಾಗ ಹೇಳಿದೆ?"

ಅವಳು ಜೋರು ಮಾಡಲಿಲ್ಲ, ಅಳಲೂ ಇಲ್ಲ. ಸುಮ್ಮನೆ ಕೇಳಿದಳು. ಸಾವಿರಾರು ಮೈಲಿ ದೂರದಲ್ಲಿ ಆಡುವವರಿಗೆ ಯಾವ ಮೊಣಕಾಲು ನೋಯುತ್ತದೆ ಎಂದು ನನಗೆ ಗೊತ್ತಿತ್ತು. ಈ ಹುಡುಗಿಗೆ ಏನು ಬೇಕು ಎಂದು ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ನಾಚಿಕೆಯಾಯಿತು. ಕಂಪೆನಿ ಬಸ್ಸು ಹೊರಟು ಹೋಯಿತು, ನೋಡುತ್ತಾ ನಿಂತೆ.

"ಅವರ ನಂಬರ್ ಕೊಡಿ. ಉತ್ತರ ನಾನೇ ಹೇಳ್ತೇನೆ" ಎಂದಳು.

ಮೊದಲು ಅಬ್ಕೈಕಿನ ಹುಡುಗನಿಗೆ ಫೋನು ಮಾಡಿ ಒಂದು ಮಾತು ಕೇಳಿದೆ. "ಕೊಡಿ ಕಾಕ, ಅವರೇ ಹೇಳುದು ಒಳ್ಳೇದು" ಎಂದ. ನಂಬರ್ ಕಳಿಸಿದೆ. ಇನ್ನು ಉಳಿದದ್ದು ಅಕ್ಕ. ಮನೆಗೆ ನಡೆದೇ ಹೋದೆ. ದಾರಿಯುದ್ದಕ್ಕೂ ಫೋನನ್ನು ಜೇಬಿನಿಂದ ತೆಗೆದು ಮತ್ತೆ ಹಾಕಿದೆ. ಕೊನೆಗೆ ಬಿಲ್ಡಿಂಗಿನ ಕೆಳಗೆ ನಿಂತು ಕರೆ ಮಾಡಿದೆ.

"ಅಕ್ಕ, ಶುಕ್ರವಾರ ರಿಯಾದಿನವರು ಬರುದು ಬೇಡ. ನಾನು ಹೇಳಿದ್ದು ವಾಪಸು ತಗೊಳ್ತೇನೆ."

ಅಕ್ಕನಿಗೆ ಮೊದಲು ತಮಾಷೆ ಅನಿಸಿತು. ಆಮೇಲೆ ಬೆಂಕಿಯಾದಳು. "ನಿನಗೆಂತ ಮಂಡೆ ಸಮ ಇಲ್ವಾ? ಆ ಮನೆಯವರಿಗೆ ನಾನು ಯಾವ ಮುಖ ತೋರಿಸ್ಲಿ? ನೀನಲ್ವಾ ಒಂದು, ಎರಡು ಅಂತ ಹೇಳಿದ್ದು?"

"ನಾನೇ. ಆದ್ರೆ ಅವಳನ್ನು ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ."

"ಕೇಳುದು ಎಂತ ಇದೆ ಅದ್ರಲ್ಲಿ! ನನ್ನ ಹತ್ರ ಯಾರು ಕೇಳಿದ್ರು?" ಎಂದವಳು ಅಲ್ಲಿಗೇ ತಡೆದಳು. ಅವಳ ಮದುವೆಯ ಮಾತು ಬಂದಾಗ ನಮ್ಮ ಸೋದರಮಾವ ಇಲ್ಲೇ ಸೌದಿಯ ದಮ್ಮಾಮಿನಲ್ಲಿದ್ದರು, ಭಾವನನ್ನು ನೋಡಿ ಫೋನು ಮಾಡಿದ್ದು ಅವರೇ. ಭಾವ ಕೆಟ್ಟವರಲ್ಲ. ಮಾವನ ಆಯ್ಕೆ ಒಳ್ಳೆಯದಿತ್ತು ಎಂದು ನಾವೆಲ್ಲ ಇವತ್ತಿಗೂ ಹೇಳುತ್ತೇವೆ. ಅಕ್ಕ ಈಗ ಹೇಳಿದ್ದನ್ನು ಮಾತ್ರ ನಾನು ಹಿಂದೆ ಯಾವತ್ತೂ ಕೇಳಿರಲಿಲ್ಲ.

"ನಂಗೆ ಟೀಚರ್ ಟ್ರೇನಿಂಗಿಗೆ ಸೀಟು ಸಿಕ್ಕಿತ್ತು. ಗೊತ್ತುಂಟಾ ನಿಂಗೆ?"

"ಇಲ್ಲ" ಎಂದೆ.

"ಯಾರಿಗೂ ಗೊತ್ತಿಲ್ಲ. ಮದುವೆಯಾದ ಮೇಲೆ ಎಂತಕ್ಕೆ ಅಂತ ಮಾವ ಅಲ್ಲಿಂದಲೇ ಹೇಳಿದ್ರಂತೆ."

ಫೋನು ಕಟ್ಟಾಯಿತೋ ಎಂದು ಕಿವಿಯಿಂದ ತೆಗೆದು ನೋಡಿದೆ. ಆಗಿರಲಿಲ್ಲ, ಅಕ್ಕ ಅಲ್ಲೇ ಇದ್ದಳು. ಕೊನೆಗೆ ಮೂಗು ಒರೆಸಿಕೊಂಡು, ನನ್ನನ್ನು ಚಿಕ್ಕಂದಿನಲ್ಲಿ ಗದರಿಸುತ್ತಿದ್ದ ಅದೇ ಸ್ವರದಲ್ಲಿ ಹೇಳಿದಳು:

"ರಿಯಾದಿನವರಿಗೆ ನಾನು ಹೇಳ್ತೇನೆ. ನೀನು ಇನ್ನು ಬಾಯಿ ಹಾಕ್ಬೇಡ. ಅವಳು ಒಳಗೆ ಆ ಅಬ್ಕೈಕಿನ ಹುಡುಗನ ಹತ್ರ ಫೋನಿನಲ್ಲಿ ಮಾತಾಡ್ತಾ ಇದ್ದಾಳೆ, ಬಾಗಿಲು ಹಾಕಿದ್ದಾಳೆ. ಮಾತಾಡ್ಲಿ."