ಮೂರು ಕಂಪನಿಗಳ ಕೈಯಲ್ಲಿದ್ದ ಕೀಲಿ

ನನ್ನ ಗಂಡ ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ಊರಿಗೆ ಮರಳುವಾಗ ಬಂಗಾರ ತರಲಿಲ್ಲ, ಪೆನ್‌ಡ್ರೈವಿನಂಥ ಒಂದು ಸಾಧನ ತಂದರು. ಉಳಿತಾಯವನ್ನೆಲ್ಲ ಕ್ರಿಪ್ಟೋ ಎಂಬ ಡಿಜಿಟಲ್ ಹಣ ಮಾಡಿದ್ದರಂತೆ. ಅದರ ಕೀಲಿ ಈ ಪುಟ್ಟ ವಾಲೆಟ್ಟಿನೊಳಗೆ. ಅದು ಕೆಟ್ಟರೆ ಹಣ ವಾಪಸ್ ಪಡೆಯಲು ಇಪ್ಪತ್ತನಾಲ್ಕು ಇಂಗ್ಲಿಷ್ ಶಬ್ದಗಳಿದ್ದವು. ಅವನ್ನು ಒಂದು ಕಾಗದದಲ್ಲಿ ಬರೆದಿಟ್ಟಿದ್ದರು. ಆ ಕಾಗದ ಯಾರಿಗೆ ಸಿಗುತ್ತದೋ ಹಣ ಅವರದು.

ನಾವಿರುವುದು ತೋಡಾರಿನಲ್ಲಿ, ನನ್ನ ತಾಯಿಯ ಮನೆಯಲ್ಲಿ. ನಮ್ಮಲ್ಲಿ ಮನೆ ಹೆಣ್ಣಿನ ಕಡೆಗೇ ಬರುತ್ತದೆ. ನನ್ನ ತಮ್ಮಂದಿರು ಹೇಳದೆ ಕೇಳದೆ ಬಂದು ಅಡುಗೆಮನೆಯ ತನಕ ನಡೆಯುತ್ತಾರೆ, ಬೇಕಾದ ಕಪಾಟು ತೆಗೆಯುತ್ತಾರೆ. ಇವರಿಗೆ ಅದೊಂದು ಕಿರಿಕಿರಿ. ಕಾಗದವನ್ನು ಅಕ್ಕಿ ಡಬ್ಬಿಯಲ್ಲಿಟ್ಟರು, ಫೋಟೋದ ಹಿಂದೆ ಸಿಕ್ಕಿಸಿದರು, ಕೊನೆಗೊಂದು ಬೆಳಿಗ್ಗೆ ಬಚ್ಚಲೊಲೆಗೆ ಹಾಕಿಬಿಟ್ಟರು.

“ಇನ್ನು ಹೆದರಿಕೆ ಇಲ್ಲ,” ಎಂದರು. “ವಾಲೆಟ್ ಮಾಡಿದ ಕಂಪನಿಯವರದ್ದೇ ಬ್ಯಾಕಪ್ ಉಂಟು. ಕೀಲಿಯನ್ನು ಮೂರು ತುಂಡು ಮಾಡಿ ಮೂರು ಕಂಪನಿಗಳಲ್ಲಿ ಇಡ್ತಾರೆ. ನನ್ನ ಪಾಸ್‌ಪೋರ್ಟು, ನನ್ನ ಮುಖ ತೋರಿಸಿದರೆ ವಾಪಸ್ ಕೊಡ್ತಾರೆ.”

“ಮೂರು ಕಂಪನಿಯ ಕೈಯಲ್ಲಿ ಇಡಬಹುದಾದ್ದನ್ನು ನನ್ನ ಕೈಯಲ್ಲಿ ಇಟ್ಟರೆ ಏನಾಗ್ತದೆ?”

“ನಿನ್ನ ಮೇಲೆ ಸಂಶಯ ಅಲ್ಲ ಮಾರಾಯ್ತಿ. ತಮ್ಮಂದಿರ ಹತ್ತಿರ ಗುಟ್ಟು ಇಡಲಿಕ್ಕೆ ನಿನಗೆ ಬರುವುದಿಲ್ಲ.”

ಅದು ಸುಳ್ಳಲ್ಲ. ಆದರೂ ಮುಖ, ವಿಳಾಸ, ಪಾಸ್‌ಪೋರ್ಟು ಎಲ್ಲವನ್ನೂ ಕಂಡರಿಯದವರಿಗೆ ಕೊಟ್ಟ ಮನುಷ್ಯ ಕಟ್ಟಿಕೊಂಡವಳಿಗೆ ಒಂದು ಶಬ್ದ ಕೊಡಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ಬಿಡಿ.

ಕಳೆದ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮುಖದ ಒಂದು ಬದಿ ಇಳಿಯಿತು, ಮಾತು ನಿಂತಿತು. ಮಾತು ಮರಳಿ ಕಲಿಸುವ ಚಿಕಿತ್ಸೆ ಮಂಗಳೂರಿನಲ್ಲಿತ್ತು. ತಡವಾದಷ್ಟೂ ಕಷ್ಟ ಎಂದರು ಡಾಕ್ಟರು. ಕೈಯಲ್ಲಿದ್ದದ್ದೆಲ್ಲ ಆಸ್ಪತ್ರೆಗೇ ಮುಗಿದಿತ್ತು. ಉಳಿದದ್ದು ಆ ವಾಲೆಟ್ಟು ಮಾತ್ರ.

ಅದಕ್ಕೊಂದು ಪಿನ್ ಇತ್ತು. ಎಡಗೈಯಲ್ಲಿ ಒತ್ತಿದರು, ತಪ್ಪಿತು. ಮತ್ತೆ ತಪ್ಪಿತು. ಮೂರನೆಯ ಸಲವೂ ತಪ್ಪಿದಾಗ, ಕಳ್ಳನ ಕೈಗೆ ಸಿಕ್ಕಿದ್ದೇನೆಂದು ಬಗೆದು ಸಾಧನ ತನ್ನೊಳಗಿನದನ್ನೆಲ್ಲ ಅಳಿಸಿಕೊಂಡಿತು.

ಬ್ಯಾಕಪ್ಪಿಗೆಂದು ಫೋನಿನಲ್ಲಿ ಮುಖ ತೋರಿಸಿದೆವು. ಪಾಸ್‌ಪೋರ್ಟಿನ ಮುಖಕ್ಕೆ ಇದು ಹೊಂದುವುದಿಲ್ಲ ಎಂದಿತು. ಹೊಂದುವುದಾದರೂ ಹೇಗೆ? ಮೂಡುಬಿದಿರೆಯ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವ ನನಗೆ ಇಂಗ್ಲಿಷ್ ಬರೆಯಲು ಗೊತ್ತು, ಕಂಪನಿಗೆ ಬರೆದೆ. ಡಾಕ್ಟರ ಪತ್ರ ಕೇಳಿದರು, ಸ್ಕ್ಯಾನ್ ಕೇಳಿದರು. ಇವರು ನನ್ನ ತಮ್ಮಂದಿರಿಂದ ಮುಚ್ಚಿಡುತ್ತಿದ್ದ ಕಾಯಿಲೆಗಳ ಕಾಗದಗಳನ್ನೆಲ್ಲ ನಾನೇ ಕಳಿಸಿದೆ. ಅವನ್ನು ಯಾವ ದೇಶದಲ್ಲಿ ಯಾರು ಓದುತ್ತಿದ್ದಾರೋ ದೇವರಿಗೇ ಗೊತ್ತು.

ಕಡೆಗೆ ವಿಡಿಯೋ ಕರೆಗೆ ಒಪ್ಪಿದರು. ಇವರಿಗೆ ಗಡ್ಡ ತೆಗೆದು, ಇಸ್ತ್ರಿ ಅಂಗಿ ಹಾಕಿ ಕುರ್ಚಿಯಲ್ಲಿ ಕೂರಿಸಿದೆ. ಬಲಕ್ಕೆ ವಾಲದಂತೆ ಹೆಗಲು ಹಿಡಿದು ನಿಂತೆ. ಪರದೆಯಲ್ಲಿ ಕಂಡ ಹುಡುಗಿ ಬಹಳ ಮರ್ಯಾದೆಯಿಂದ ಇಂಗ್ಲಿಷಿನಲ್ಲಿ ಹೇಳಿದಳು, ಕೋಣೆಯಲ್ಲಿ ಬೇರೆಯವರು ಇರಬಾರದು, ಯಾರೂ ಒತ್ತಾಯಿಸುತ್ತಿಲ್ಲ ಎಂದು ನಮಗೆ ಖಾತ್ರಿಯಾಗಬೇಕು.

“ನಾನು ಹೆಂಡತಿ,” ಎಂದೆ.

ಗೊತ್ತು, ಆದರೂ ಹೊರಗೆ ಹೋಗಿ ಎಂದಳು.

ಎರಡು ಕಡೆ ದಿಂಬು ಕೊಟ್ಟು ಬಾಗಿಲಾಚೆ ನಿಂತೆ. ಕೀಲಿಯನ್ನು ನಿಮ್ಮ ಇಚ್ಛೆಯಿಂದಲೇ ವಾಪಸ್ ಕೇಳುತ್ತಿದ್ದೀರಾ, ಹೌದು ಎಂದು ಹೇಳಿ ಎಂದಳು ಹುಡುಗಿ. ಒಳಗಿಂದ ಉಸಿರು ಮಾತ್ರ ಕೇಳಿಸಿತು. ಒಮ್ಮೆ ಹೇಳಿ, ಒಂದೇ ಸಲ ಎಂದು ಸೆರಗು ಕಚ್ಚಿಕೊಂಡು ಇವರನ್ನು ಮನಸ್ಸಿನಲ್ಲೇ ಬೇಡಿದೆ. ಇಣುಕಿದರೆ ದಿಂಬು ಜಾರಿ ಬಿದ್ದಿತ್ತು, ಇವರೂ ಜಾರುತ್ತಿದ್ದರು. ಓಡಿಹೋಗಿ ತಬ್ಬಿ ಹಿಡಿದೆ.

ಕ್ಷಮಿಸಿ, ಇನ್ನೊಬ್ಬರು ಬಂದದ್ದರಿಂದ ಮುಂದುವರಿಸಲು ಆಗುವುದಿಲ್ಲ, ನಾಳೆ ಮತ್ತೆ ಪ್ರಯತ್ನಿಸಿ ಎಂದು ಆ ಹುಡುಗಿ ಕರೆ ಮುಗಿಸಿದಳು. ನಾಳೆಯೂ ನಾನು ಹಿಡಿಯದೆ ಇವರು ಕೂರಲಾರರು.